ಬಾನೆಟ್ಟಿನ ಮೇಲೆ ಒಂದು ಕೊಡ ನೀರು

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಒಬ್ಬ ತರುಣ ನಮ್ಮ ಹಳೆ ಕಾರು ನೋಡಲು ಬಂದ. ಇಂಥ ಕಾರುಗಳನ್ನು ಹುಡುಕಿ ಕೊಂಡು, ಬಿಚ್ಚಿ, ತಿಕ್ಕಿ ತೀಡಿ, ಮತ್ತೆ ಮದುಮಗನ ಹಾಗೆ ಸಿಂಗರಿಸಿ ಮೆರೆಸುವ ಹುಚ್ಚು ಅವನಿಗೆ. ಶಹಾಪುರದ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಗಿಡದ ಬುಡಕ್ಕೆ, ತಾಡಪತ್ರಿ ಹೊದ್ದು ಅದು ವರ್ಷಗಟ್ಟಲೆ ನಿಂತಿತ್ತು. ತಾಡಪತ್ರಿ ಎಳೆದ ಕೂಡಲೇ ಅವನ ಮುಖ ಅರಳಿತು. ನನ್ನ ಗಂಡನ ಮುಖವೂ ಅರಳಿತು. ನನ್ನದು ಅರಳಲಿಲ್ಲ. ಆ ಕಾರನ್ನು ಕಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

"ಅಜ್ಜಾರ, ಚಾಲೂ ಆಗೂದ್ರಾಗ ಏನರ ತ್ರಾಸ ಇತ್ತೇನ್ರಿ ಇದಕ್ಕ?" ಎಂದು ಅವನು ಕೇಳಿದ.

"ಎಲ್ಲೀದು! ಸೆಲ್ಫ್ ಹೊಡದ್ರ ಸಾಕು, ಒಂದೇ ಏಟಿಗೆ ಏಳ್ತಿತ್ತು," ಎಂದರು ನನ್ನ ಗಂಡ, ಕುರ್ಚಿ ಬಿಟ್ಟು ಏಳದೆ.

ನಾನು ಚಹಾದ ಕಪ್ಪುಗಳನ್ನು ಇಟ್ಟು ಒಳಗೆ ಬಂದುಬಿಟ್ಟೆ. ಅಂಥ ಸುಳ್ಳನ್ನು ನಿಂತು ಕೇಳುವ ತಾಳ್ಮೆ ನನಗೆ ಉಳಿದಿಲ್ಲ. ಆ ಕಾರು ಏಳದೆ ಹೋದ ಒಂದು ಬೆಳಗಿಗೆ ನನ್ನ ಇಡೀ ಬಾಳು ಈ ಮನೆಯ ಅಡಿಗೆಮನೆಯಲ್ಲೇ ನಿಂತುಹೋಯಿತು.

ನನ್ನ ತವರು ಸುರಪುರ. ಅಪ್ಪ ಅಲ್ಲಿ ಸಣ್ಣ ಮಕ್ಕಳ ಶಾಲೆಯ ಮಾಸ್ತರರು. ನನಗೂ ಟಿ.ಸಿ.ಎಚ್. ಓದಿಸಿ, ಶಿಕ್ಷಕಿಯಾಗುವ ತರಬೇತಿ ಕೊಡಿಸಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ಮಕ್ಕಳು ಅಕ್ಕೋರು ಎಂದು ಕರೆಯುತ್ತಾರೆ. ಮಕ್ಕಳ ಬಾಯಲ್ಲಿ ಆ ಒಂದು ಮಾತು ಕೇಳಬೇಕೆಂಬುದು ಬಿಟ್ಟರೆ ನನಗೆ ಬೇರೆ ದೊಡ್ಡ ಆಸೆಯೇ ಇರಲಿಲ್ಲ. ಬಂಗಾರ ಬೇಡಿದವಳಲ್ಲ, ಪಟ್ಟಣ ಬೇಡಿದವಳಲ್ಲ.

ಶಹಾಪುರದ ಸಂಬಂಧ ಬಂದಾಗ ಕಾಲುವೆಯ ನೀರು ಆಗಷ್ಟೇ ಈ ಕಡೆ ಹರಿಯತೊಡಗಿತ್ತು. ನಾರಾಯಣಪುರ ಅಣೆಕಟ್ಟಿನ ಜೀಪುಗಳು ದಿನವಿಡೀ ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ಜೋಳ, ಹತ್ತಿ ಬೆಳೆದ ಎರೆಹೊಲಗಳಲ್ಲಿ ಜನ ಒಡ್ಡು ಕಟ್ಟಿ ಭತ್ತ ನಾಟಿ ಮಾಡುವುದನ್ನು ಕಲಿಯುತ್ತಿದ್ದರು. ನನ್ನ ಮಾವನದು ಹತ್ತಿಯ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ. ಊರಲ್ಲಿ ಬೇರೆ ಸಾಹುಕಾರರೂ ಇದ್ದರು, ಆದರೆ ಸ್ವಂತ ಕಾರು ಇದ್ದದ್ದು ಇವರಿಗೆ. ಹೈದರಾಬಾದಿನ ಯಾವುದೋ ಜಾಗೀರದಾರರ ಮನೆತನ ಮುಳುಗಿದಾಗ ತಂದದ್ದಂತೆ. ಕಪ್ಪು ಬಣ್ಣ, ಉದ್ದ ಮೂಗು. ನಡುವೆ ಬಿಜಾಗರಿ, ಅಂದರೆ ಕೀಲು, ಇಟ್ಟು ಎರಡೂ ಕಡೆಯಿಂದ ಎತ್ತುವ ಬಾನೆಟ್ಟು. ಜನ ಈ ಮನೆಗೆ ಹೆಸರೇ ಇಟ್ಟುಬಿಟ್ಟಿದ್ದರು, ಕಾರಿನ ಮನಿ ಎಂದು. ಅಲ್ಲಿಗೆ ಸೊಸೆಯಾಗಿ ಬಂದರೆ ಕಾರಿನ ಮನಿ ಸೊಸಿ.

ಮಾತುಕತೆಯ ದಿನ ಅಪ್ಪ ಕೈ ಮುಗಿದು ಒಂದೇ ಮಾತು ಕೇಳಿದ್ದರು.

"ಹುಡುಗಿಗೆ ನೌಕರಿ ಸಂದರ್ಶನಕ್ಕ ಕರೆ ಬಂದ್ರ ಇಲ್ಲ ಅನಬ್ಯಾಡ್ರಿ. ಕಳಸ್ರಿ."

ಮಾವ ಮೀಸೆ ತೀಡಿಕೊಂಡು, ಹತ್ತು ಜನರ ಎದುರಿಗೆ, "ಕಳಸ್ತೀವ್ರಿ ಮಾಸ್ತರ್ರ. ಬಸ್ಸಿನಾಗಲ್ಲ, ನಮ್ಮ ಕಾರಿನಾಗೇ ಕಳಸ್ತೀವಿ," ಎಂದರು. ಕೂತವರೆಲ್ಲ ಭೇಷ್ ಎಂದರು. ಅಪ್ಪನ ಕಣ್ಣಲ್ಲಿ ನೀರು ಬಂತು. ಆ ಭರವಸೆಯೇ ಮುಂದೆ ನನ್ನ ಕಾಲಿಗೆ ಹಗ್ಗವಾಗುತ್ತದೆಂದು ಅವರಿಗೇನು ಗೊತ್ತು?

ಮದುವೆಯ ಮರುದಿನ ಶಾಸ್ತ್ರದ ಪ್ರಕಾರ ನಾವಿಬ್ಬರೂ ಸುರಪುರಕ್ಕೆ ಹೋಗಬೇಕಿತ್ತು. ಹೊರಡುವ ಮುಂಚೆ ಅತ್ತೆ ಕಾರಿಗೆ ಪೂಜೆ ಮಾಡಿದರು. ಬಾನೆಟ್ಟಿನ ಮೇಲೆ ಒಂದು ಕೊಡ ನೀರು ಸುರುವಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಅದರ ಮುಂದುಗಡೆಯ ಕಬ್ಬಿಣಕ್ಕೇ ಕಾಯಿ ಒಡೆದು, ಕಾಯಿನೀರನ್ನೂ ಅದರ ಮೇಲೆಯೇ ಚಿಮುಕಿಸಿದರು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಡ್ರೈವರ್ ಸೆಲ್ಫ್ ಹೊಡೆದ. ಇಂಜಿನ್ನು ಗರ್ ಗರ್ ಎಂದಿತು, ಹಿಡಿಯಲಿಲ್ಲ. ಚೋಕ್ ಎಳೆದ. ಹಿಡಿಯಲಿಲ್ಲ. ಮುಂದೆ ಹ್ಯಾಂಡಲ್ ಹಾಕಿ ಬೆವರು ಇಳಿಯುವಂತೆ ತಿರುಗಿಸಿದ. ಊಹೂಂ. ಓಣಿಯ ಜನ ಸೇರಿತು.

ಅತ್ತೆ ನನ್ನ ಕಾಲುಗಳನ್ನೇ ನೋಡುತ್ತ, ನೆರೆಮನೆಯವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ನಿನ್ನಿ ತನಕ ಕುದುರಿ ಹಂಗ ಓಡ್ತಿತ್ತವ್ವ. ಕಾಲ್ಗುಣ, ಮತ್ತೇನು."

ಸೊಸೆ ಹೊಸ್ತಿಲು ದಾಟಿ ಬಂದ ಗಳಿಗೆಯಿಂದ ಮನೆಗೆ ಆದದ್ದೆಲ್ಲ ಅವಳ ಕಾಲ್ಗುಣ. ಎಮ್ಮೆ ಕರು ಹಾಕಿದರೆ ಒಳ್ಳೆಯ ಕಾಲ್ಗುಣ, ಹಾಲು ಒಡೆದರೆ ಕೆಟ್ಟ ಕಾಲ್ಗುಣ. ಹೊಸ್ತಿಲು ದಾಟಿಬಂದ ಗಂಡಸರ ಕಾಲಿಗೆ ಯಾವ ಗುಣವೂ ಇರುವುದಿಲ್ಲ, ಬರೇ ಚಪ್ಪಲಿ ಇರುತ್ತದೆ.

ಅವತ್ತು ಬಿಸಿಲೇರಿದ ಮೇಲೆ ಕಾರು ತಾನೇ ಎದ್ದಿತು. ನಾವು ಹೋಗಿ ಬಂದೆವು. ಆದರೆ ಆ ಹೆಸರು ನನಗೆ ಅಂಟಿತು. ನಾನು ಕಾರಿನಲ್ಲಿ ಕೂರಬೇಕಾದಾಗಲೆಲ್ಲ ಹೀಗೆಯೇ ಆಗುತ್ತಿತ್ತು. ಮಾವ ದಿನಾ ಬೆಳಿಗ್ಗೆ ಹತ್ತಿ ಗಿರಣಿಗೆ ಹೊರಟರೆ ಒಂದೇ ಏಟಿಗೆ ಏಳುವ ಕಾರು, ನಾನು ತವರಿಗೋ ನೆಂಟರ ಮದುವೆಗೋ ಹೊರಟರೆ ಸೆಟೆದು ನಿಲ್ಲುತ್ತಿತ್ತು. ಅದನ್ನು ಇಡೀ ಓಣಿ ಕಂಡಿತ್ತು. ಕೊನೆಕೊನೆಗೆ ನಾನೂ ನಂಬಿದೆ. ಓದಿದವಳು, ಮಕ್ಕಳಿಗೆ ವಿಜ್ಞಾನ ಕಲಿಸಲು ತಯಾರಾದವಳು, ಕಾರು ಚಾಲೂ ಮಾಡುವಾಗ ಅದರ ಕಣ್ಣಿಗೆ ಬೀಳಬಾರದೆಂದು ಅಡಿಗೆಮನೆಯ ಮೂಲೆಯಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದೆ. ಕಾರಿಗೂ ಕಣ್ಣಿರುತ್ತದೆಯೇ ಎಂದು ಕೇಳಬೇಡಿ. ಆ ಮನೆಯಲ್ಲಿ ನನ್ನನ್ನು ಬಿಟ್ಟು ಎಲ್ಲದಕ್ಕೂ ಕಣ್ಣು, ಬಾಯಿ, ಮರ್ಯಾದೆ ಇತ್ತು.

ಅಡಿಗೆಮನೆಯ ಕಿಟಕಿಯಿಂದ ನಾನು ಡ್ರೈವರನ ಕೆಲಸ ನೋಡುತ್ತಿದ್ದೆ. ನಡುವಯಸ್ಸಿನ ಮುಸಲ್ಮಾನರು, ಮನೆಯವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಕಾರು ಏಳದಿದ್ದರೆ ಅವರದೊಂದು ಕ್ರಮವಿತ್ತು. ಮೊದಲು ಹಾರ್ನ್ ಒತ್ತುವರು. ದನಿ ಗಟ್ಟಿಯಾಗಿದ್ದರೆ ಬ್ಯಾಟರಿಯಲ್ಲಿ ಜೀವ ಇದೆ ಎಂದರ್ಥ. ಆಮೇಲೆ ಪೆಟ್ರೋಲಿನ ನಳಿಗೆ ಕಳಚಿ, ಇಂಜಿನ್ನಿಗೆ ಪೆಟ್ರೋಲು ಬರುತ್ತಿದೆಯೋ ನೋಡುವರು. ಆಮೇಲೆ ಒಂದು ವಾಯರಿನ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದು, ಕಿಡಿ ಹಾರುತ್ತಿದೆಯೋ ಎಂದು ಬಗ್ಗುವರು. ಕೊನೆಗೆ ಬೆನ್ನು ಮನೆಯ ಕಡೆ ಮಾಡಿ, ಒಂದು ಕಪ್ಪು ಮುಚ್ಚಳವನ್ನು ತೆಗೆದು, ಹೆಗಲ ಮೇಲಿನ ರುಮಾಲಿನಿಂದ ಅದರ ಒಳಗನ್ನು ಒರೆಸಿ ಒರೆಸಿ, ಒಂದಿಷ್ಟು ಹೊತ್ತು ಬಿಸಿಲಿಗಿಟ್ಟು ಮತ್ತೆ ಕೂಡಿಸುವರು. ಅದಾದ ಮೇಲೆ ಕಾರು ಏಳುತ್ತಿತ್ತು.

"ಏನಾಗಿತ್ತೋ?" ಎಂದು ಮಾವ ಕೇಳಿದರೆ, "ಕಚ್ರಾ ಬಂದಿತ್ರಿ ಸಾವಕಾರ," ಎನ್ನುವರು. ಕಸ ಸಿಕ್ಕಿತ್ತಂತೆ. ಪ್ರತಿ ಸಲವೂ ಅದೇ ಕಸ.

ಮದುವೆಯಾದ ಎರಡನೆಯ ವರ್ಷ ನನಗೆ ಸಂದರ್ಶನದ ಕರೆ ಬಂತು. ಗುಲ್ಬರ್ಗಾಕ್ಕೆ ಹೋಗಬೇಕಿತ್ತು. ಯಾದಗಿರಿಯವರೆಗೆ ಕಾರು, ಅಲ್ಲಿಂದ ಬೆಳಗಿನ ರೈಲು ಎಂದು ಮಾವ ನಿಶ್ಚಯಿಸಿದರು. ಹತ್ತು ಜನರ ಎದುರಿಗೆ ಆಡಿದ ಮಾತು, ನುಂಗುವ ಹಾಗಿರಲಿಲ್ಲ. ನನ್ನ ಗಂಡ ಮಾತ್ರ ಕರೆ ಬಂದ ದಿನದಿಂದ ಮುಖ ಗಂಟು ಹಾಕಿಕೊಂಡಿದ್ದರು. ಅವರು ಕಾಲೇಜಿನ ಮೊದಲ ಮೆಟ್ಟಿಲಲ್ಲೇ ಎರಡು ಸಲ ಜಾರಿ, ಅಪ್ಪನ ಗಾದಿಗೆ ಬಂದು ಕೂತವರು. ಅಂಗಡಿಯಲ್ಲಿ ಯಾರೋ, ಇನ್ನ ಮ್ಯಾಲ ಹೆಂಡ್ತಿ ಪಗಾರ ಉಣ್ಣಾಂವ ಬಿಡಪಾ ನೀ, ಎಂದು ನಕ್ಕಿದ್ದರಂತೆ. ಅದನ್ನು ನನಗೆ ಹೇಳಿ, ಮಗ್ಗಲು ತಿರುಗಿ ಮಲಗಿದ್ದರು.

ಹೋಗುವ ದಿನ ಬೆಳಗಿನ ಜಾವ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಸರ್ಟಿಫಿಕೇಟುಗಳನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಪಡಸಾಲೆಗೆ ಬಂದೆ. ಅಂಗಳದಲ್ಲಿ ಕಂಡ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕುಡಿಯುವ ನೀರನ್ನೂ ಎದ್ದು ತೆಗೆದುಕೊಳ್ಳದ ನನ್ನ ಗಂಡ, ಪಂಚೆ ಮೇಲಕ್ಕೆ ಕಟ್ಟಿ, ಬಾವಿಯಿಂದ ತಾವೇ ಕೊಡ ಹೊತ್ತು ತಂದು ಕಾರಿನ ಬಾನೆಟ್ಟಿನ ಮೇಲೆ ಸುರುವುತ್ತಿದ್ದರು. ಒಂದು ಕೊಡ, ಮತ್ತೊಂದು ಕೊಡ. ಅತ್ತೆ ಆರತಿ ಹಿಡಿದು ನಿಂತು, "ಸಾಕೋ, ಎಷ್ಟ್ ಹಾಕ್ತಿ," ಎಂದರು.

"ದೊಡ್ಡ ಕೆಲಸಕ್ಕ ಹೊಂಟಾಳ. ಛಲೋತ್ನ್ಯಾಗಿ ಆಗ್ಲಿ," ಎಂದರು ಇವರು.

ಮೇಲೆ ಮುನಿಸು ತೋರಿಸಿದರೂ ಒಳಗೆ ನನ್ನ ಮೇಲೆ ಇಷ್ಟು ಅಕ್ಕರೆ ಇದೆಯಲ್ಲ ಎಂದುಕೊಂಡೆ. ಎಷ್ಟೋ ವರ್ಷ ಮನಸ್ಸು ಕೆಟ್ಟಾಗಲೆಲ್ಲ ನಾನು ಆ ಎರಡು ಕೊಡ ನೀರನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ನನ್ನಂಥ ದಡ್ಡಿ ಶಹಾಪುರ ತಾಲ್ಲೂಕಿನಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ.

ಚಾಚಾ ಬಂದರು. ನನ್ನ ಚೀಲ ನೋಡಿ ನಕ್ಕು, "ಸಂಜೀಕ ಅಕ್ಕೋರು ಆಗಿ ಬರ್ತೀರಿ, ತಂಗೀ," ಎಂದು ಕಾರು ಹತ್ತಿದರು. ಸೆಲ್ಫ್ ಹೊಡೆದರು. ಗರ್ ಗರ್. ಚೋಕ್. ಗರ್ ಗರ್. ಹ್ಯಾಂಡಲ್. ಇಲ್ಲ.

ಬಾನೆಟ್ಟು ಎತ್ತಿದರು. ನನ್ನ ಗಂಡ ಹೋಗಿ ಅವರ ಪಕ್ಕದಲ್ಲೇ ಬಗ್ಗಿ ನಿಂತರು. ಹಾರ್ನ್ ನೋಡಿದ್ದಾಯಿತು, ಪೆಟ್ರೋಲು ನೋಡಿದ್ದಾಯಿತು, ವಾಯರಿನ ತುದಿ ಹಿಡಿದು ಕಿಡಿ ನೋಡಿದ್ದಾಯಿತು. ಕಪ್ಪು ಮುಚ್ಚಳ ತೆಗೆದು ಒಳಗೆ ನೋಡಿದರು. ಇಬ್ಬರೂ ಏನೋ ಮೆಲ್ಲಗೆ ಮಾತಾಡಿಕೊಂಡರು. ಚಾಚಾ ಆ ಮುಚ್ಚಳವನ್ನು ಹಾಗೆಯೇ ಮುಚ್ಚಿದರು. ಅವತ್ತು ರುಮಾಲು ಹೆಗಲಿಂದ ಕೆಳಗಿಳಿಯಲೇ ಇಲ್ಲ. ಕಿಟಕಿಯಿಂದ ಎಷ್ಟೋ ಸಲ ನೋಡಿದ ನನಗೆ, ಇದೊಂದು ಯಾಕೆ ತಪ್ಪಿತು ಎನಿಸಿತು, ಅಷ್ಟೇ. ಅರ್ಥವಾಗಲಿಲ್ಲ.

ಹೊತ್ತು ಏರುತ್ತಿತ್ತು. ಯಾದಗಿರಿಯ ಬಸ್ಸು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತದೆ. ಅದರ ಸದ್ದು ಕೇಳಿ ನಾನು ಹೊಸ್ತಿಲಿಗೆ ಬಂದು, "ಅತ್ತೀರಿ, ನಾ ಬಸ್ಸಿನಾಗ ಹೋಗ್ತೀನ್ರಿ," ಎಂದೆ.

"ಬಸ್ಸಿಗೆ ಕೈ ಮಾಡ್ತಾಳಂತ, ಕಾರಿನ ಮನಿ ಸೊಸಿ! ಮಂದಿ ನಮ್ಮ ಮಾರಿ ಮ್ಯಾಲ ಉಗುಳ್ಲೇನು?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು.

ಮಾವನ ಕಡೆ ನೋಡಿದೆ. ಅವರು ಮೀಸೆ ತೀಡಿಕೊಂಡು ಬೇರೆ ಕಡೆ ನೋಡಿದರು. ಗಂಡನ ಕಡೆ ನೋಡಿದೆ. ಅವರು ಹ್ಯಾಂಡಲ್ ಹಿಡಿದು ತಿರುಗಿಸುವುದರಲ್ಲಿ ಮಗ್ನರಾಗಿದ್ದರು. ಬಸ್ಸು ಹೋಯಿತು. ಕಿಟಕಿಯ ಪಕ್ಕ ಕೂತ ಒಬ್ಬಳು ಹಣ್ಣು ಮಾರುವವಳು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ನಮ್ಮ ಕಾರನ್ನೇ ಆಸೆಗಣ್ಣಿನಿಂದ ನೋಡುತ್ತ ಹೋದಳು. ಅವಳ ಜಾಗ ಸಿಕ್ಕಿದ್ದರೆ ನಾನು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಕೊಡುತ್ತಿದ್ದೆ.

ಬಿಸಿಲು ಬಲಿತ ಮೇಲೆ ಕಾರು ಎದ್ದಿತು. ಅದೇ ಕಾರಿನಲ್ಲಿ ಮಾವ ಗಿರಣಿಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ಬಂದು, ಸಂಡಿಗೆ ಚೆನ್ನಾಗಿದೆ ಎಂದರು. ಸುದ್ದಿ ಕೇಳಿ ಸುರಪುರದಿಂದ ಅಪ್ಪ ಬಂದಾಗ, "ಕಾರಿನಾಗ ಕಳಸ್ತೀವಿ ಅಂದಿದ್ವಿ ಮಾಸ್ತರ್ರ. ಕಾರು ಏಳಲಿಲ್ಲ. ನಾವೇನ್ ಮಾಡೂದದ?" ಎಂದು ಕೈ ತೊಳೆದುಕೊಂಡರು. ಅಪ್ಪ ಅರ್ಧ ಕಪ್ಪು ಚಹಾ ಕುಡಿದು, "ಇರ್ಲಿ ಬಿಡವ್ವ," ಎಂದು ಬಸ್ಸಿನಲ್ಲಿ ವಾಪಸು ಹೋದರು. ಮುಂದೆ ಮತ್ತೆ ಅರ್ಜಿ ಹಾಕುತ್ತೇನೆ ಎಂದಾಗ, ಕಾಲ್ಗುಣ ನೋಡಿದಿವಲ್ಲ, ಹಣಿಬರದಾಗ ಇಲ್ಲದ್ದು ಯಾಕ ಬೇಕು, ಎಂದರು ಅತ್ತೆ. ಆಮೇಲೆ ಮಗಳು ಹುಟ್ಟಿದಳು, ಮಗ ಹುಟ್ಟಿದ. ವಯಸ್ಸು ಮೀರಿತು. ನನ್ನ ಸರ್ಟಿಫಿಕೇಟುಗಳು ಆ ಬಟ್ಟೆಯ ಚೀಲದಲ್ಲೇ ಹಳದಿಯಾದವು.

ಕಾಲುವೆ ಊರನ್ನು ಬದಲಿಸಿತು. ಎಲ್ಲಿ ನೋಡಿದರೂ ಭತ್ತ, ಸೊಳ್ಳೆ, ಹೊಸ ಗಾಡಿಗಳು. ನಮ್ಮ ಕಾರನ್ನು ಯಾರೂ ತಿರುಗಿ ನೋಡದಂತಾಯಿತು. ಚಾಚಾ ಕೆಲಸ ಬಿಟ್ಟು ಯಾದಗಿರಿಗೆ ಹೋದರು. ಮಾವ, ಅತ್ತೆ ತೀರಿಕೊಂಡರು. ಕಾರು ಬೇವಿನ ಗಿಡದ ಕೆಳಗೆ ಸೇರಿತು. ಅದು ಮೂಲೆ ಸೇರಿದ ಮೇಲೆ ಬಸ್ಸಿಗೆ ಕೈ ಮಾಡುವುದರಲ್ಲಿ ಯಾರ ಮರ್ಯಾದೆಯೂ ಹೋಗಲಿಲ್ಲ.

ಒಮ್ಮೆ ಮಗಳನ್ನು ಗಂಡನ ಮನೆಗೆ ಕಳಿಸಲು ಯಾದಗಿರಿ ಸ್ಟೇಷನ್ನಿಗೆ ಹೋಗಿದ್ದೆ. ರೈಲು ಹೋದ ಮೇಲೆ ಹೊರಗೆ ಬಂದರೆ, ಚಹಾದ ಅಂಗಡಿಯ ಬೆಂಚಿನ ಮೇಲೆ ಚಾಚಾ ಕುಳಿತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು ಚಹಾ ಕುಡಿಸಿದರು. ಆಮೇಲೆ ನೆಲ ನೋಡುತ್ತ ಬಾಯಿ ಬಿಟ್ಟರು.

"ತಂಗೀ, ಆ ಗಾಡ್ಯಾಗ ಕಚ್ರಾ ಎಂದೂ ಬಂದಿದ್ದಿಲ್ಲ. ಪೂಜಿ ನೀರು ಬಿಜಾಗರಿ ಸಂದ್ಯಾಗ ಇಳದು ಆ ಕರಿ ಮುಚ್ಚಳದಾಗ ಹೋಗ್ತಿತ್ತು. ಎಲ್ಲಾ ಪ್ಲಗ್ಗಿಗಿ ಕರೆಂಟ್ ಹಂಚೂದು ಅದು. ಅದು ಹಸಿ ಆತಂದ್ರ ಗಾಡಿ ಏಳೂದಿಲ್ಲ. ದಿನಾ ಗಿರಣಿಗಿ ಹೋಗಾಕ ಪೂಜಿ ಇದ್ದಿಲ್ಲ. ನೀವು ಊರಿಗಿ ಹೊಂಟಾಗೆಲ್ಲ ಪೂಜಿ ಮಾಡ್ತಿದ್ರು, ಅದಕ್ಕ ನಿಮ್ಮ ಹೆಸರಿಗಿ ಬಂತು."

ನಾನು ಕಪ್ಪು ಕೆಳಗಿಟ್ಟೆ. "ಗೊತ್ತಿತ್ತಂದ್ರ ಅತ್ತೀಗಿ ಯಾಕ ಹೇಳ್ಲಿಲ್ಲ ಚಾಚಾ?"

"ನಾ ಹ್ಯಾಂಗ ಹೇಳ್ಲಿ? ಪೂಜಿ ಮಾಡಬ್ಯಾಡ್ರಿ ಅನ್ನೂ ಮಾತು ನನ್ನ ಬಾಯಾಗ ಬರಬಹುದೇನು? ಅದಕ್ಕೇ ಸಣ್ಣ ಸಾವಕಾರಗ ಹೇಳಿದ್ದೆ. ನಿಮ್ಮ ಮದಿವ್ಯಾದ ಮರುದಿನಾನೇ ಹೇಳಿದ್ದೆ."

ಸಣ್ಣ ಸಾವಕಾರ ಎಂದರೆ ನನ್ನ ಗಂಡ.

"ನಿಮ್ಮ ನೌಕರಿ ದಿನ ಮುಚ್ಚಳ ತಗದ್ರ ಒಳಗ ನೀರು ನಿಂತಿತ್ತು. ಒರಸಾಕ ರುಮಾಲ ಎತ್ತಿದೆ. ಇರ್ಲಿ ಬಿಡು, ಇವತ್ತು ಇದು ಏಳೂದು ಬ್ಯಾಡ, ಅಂದ್ರು. ಮಾಲಕರ ಮಾತು. ಮೀರಿದ್ರ ನನ್ನ ನೌಕರಿ ಹೋಗ್ತಿತ್ತು, ತಂಗೀ."

"ನಂದು ಹೋತಲ್ಲ ಚಾಚಾ," ಎಂದೆ.

ಅವರು ಅಳತೊಡಗಿದರು. ನನಗೆ ಕನಿಕರ ಬರಲಿಲ್ಲ. ಮುದುಕ ಅಳುತ್ತಿದ್ದಾನೆ, ಸಮಾಧಾನ ಮಾಡಬೇಕು ಎಂದು ತಿಳಿಯುತ್ತಿತ್ತು. ಆದರೆ ಕೈ ಮುಂದೆ ಹೋಗಲಿಲ್ಲ. ಬಸ್ಸು ಹತ್ತಿದೆ. ಭೀಮೆಯ ಸೇತುವೆ ಬಂತು, ಭತ್ತದ ಗದ್ದೆಗಳು ಬಂದವು, ನನ್ನ ತಲೆಯಲ್ಲಿ ಮಾತ್ರ ಆ ಎರಡು ಕೊಡ ನೀರು. ದೊಡ್ಡ ಕೆಲಸಕ್ಕ ಹೊಂಟಾಳ, ಛಲೋತ್ನ್ಯಾಗಿ ಆಗ್ಲಿ. ಅಕ್ಕರೆ ಎಂದು ನಾನು ವರ್ಷಗಟ್ಟಲೆ ಎದೆಯಲ್ಲಿಟ್ಟು ಸಾಕಿದ್ದು ಅದನ್ನೇ. ಅತ್ತೆ ನನ್ನ ಕಾಲಿಗೆ ಬೈದದ್ದನ್ನು ನಾನು ಕ್ಷಮಿಸಬಲ್ಲೆ. ಆಕೆ ನಂಬಿ ಬೈದಳು. ಇವರು ಗೊತ್ತಿದ್ದು ಬೈಸಿದರು. ಅವರವ್ವ ನನ್ನನ್ನು ಬೈಯುವಾಗಲೆಲ್ಲ ಪಕ್ಕದಲ್ಲೇ ನಿಂತು, ಹ್ಯಾಂಡಲ್ಲಿಗೆ ಬಟ್ಟೆ ಸುತ್ತುತ್ತಿದ್ದರು.

ಅವತ್ತು ರಾತ್ರಿ ಅವರಿಗೆ ರೊಟ್ಟಿ ಬಡಿಸಿದೆ. ಏನೂ ಕೇಳಲಿಲ್ಲ. ಕೇಳಿದ್ದರೆ, ಹಳೇ ಮಾತು ಈಗ್ಯಾಕ, ಎನ್ನುತ್ತಿದ್ದರು, ಮತ್ತು ಆ ಉತ್ತರ ಕೇಳಿದ ಮೇಲೆ ಅದೇ ಮನೆಯಲ್ಲಿ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಹೋಗುವುದಕ್ಕೆ ಬೇರೆ ಮನೆಯೂ ಇರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಇದ್ದೆ.

ಕಾರಿನ ವ್ಯಾಪಾರ ಕುದುರಿಸಿ ಹೋಗಿದ್ದ ಹುಬ್ಬಳ್ಳಿಯ ತರುಣ ಮತ್ತೆ ಬಂದ, ಹೊಸ ಬ್ಯಾಟರಿ, ಪೆಟ್ರೋಲು, ಸಾಮಾನಿನ ಪೆಟ್ಟಿಗೆ ತಂದು ಇಡೀ ದಿನ ಬಗ್ಗಿ ಕೆಲಸ ಮಾಡಿದ. ಇಂಜಿನ್ನಿನ ಮೇಲೆ ಕುಂಕುಮ, ವಿಭೂತಿ ಪದರು ಪದರಾಗಿ ಗಟ್ಟಿಯಾಗಿತ್ತು. ಅದನ್ನು ಕೆರೆಯುತ್ತ, "ಇಷ್ಟ್ ಪೂಜಿ ಮಾಡಿಸಿಕೊಂಡ ಇಂಜಿನ್ ನಾ ಎಲ್ಲೂ ನೋಡಿಲ್ಲ," ಎಂದು ನಕ್ಕ. ಕಪ್ಪು ಮುಚ್ಚಳವನ್ನು ಒರೆಸಿ, ಒಣಗಿಸಿ ಕೂಡಿಸಿದ. ಸಂಜೆ ಸೆಲ್ಫ್ ಹೊಡೆದಾಗ ಮುದಿ ಇಂಜಿನ್ನು ಎರಡು ಸಲ ಕೆಮ್ಮಿ, ಎದ್ದೇಬಿಟ್ಟಿತು. ಹಿತ್ತಲೆಲ್ಲ ಹೊಗೆ.

"ನಾ ಹೇಳಿದ್ದಿಲ್ಲೇನು? ಅದರಾಗ ದೋಷಾನೇ ಇಲ್ಲ!" ಎಂದು ನನ್ನ ಗಂಡ ಕೋಲೂರಿ ಎದ್ದು ಬಂದರು. ಆ ಮುಖದ ಹಿಗ್ಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ತರುಣ ಇಂಜಿನ್ ಬಂದ್ ಮಾಡಿ ಸಾಮಾನು ಕಟ್ಟಿಕೊಳ್ಳತೊಡಗಿದ. ಇವರು ನನ್ನ ಕಡೆ ತಿರುಗಿ, "ಒಂದು ಕೊಡ ನೀರು ತಗೊಂಬಾ. ನಮ್ಮ ಮನಿ ಗಾಡಿ, ಪೂಜಿ ಮಾಡಿ ಕಳಸೂಣು," ಎಂದರು.

ನಾನು ನೀರು ತುಂಬಿ ತಂದೆ. ತಂದು ಅವರ ಕೈಗೇ ಕೊಟ್ಟೆ.

"ನೀವೇ ಹಾಕ್ರಿ," ಎಂದೆ. "ನನ್ನ ಕಾಲ್ಗುಣ ಎಂಥಾದೋ ನನಗ ತಿಳೀದು. ನಿಮ್ಮ ಕೈಗುಣ ತಿಳದದ. ಯಾದಗಿರ್ಯಾಗ ಚಾಚಾ ಸಿಕ್ಕಿದ್ರು."

ಅವರು ನನ್ನ ಮುಖ ನೋಡಿದರು. ಕೊಡದ ನೀರು ತುಳುಕಿ ಅವರ ಪಂಚೆ ತೊಯ್ಯಿತು.

ತರುಣನಿಗೆ ಇದೇನೂ ಗೊತ್ತಿರಲಿಲ್ಲ. ಕೊಡ ನೋಡಿ ಗಾಬರಿಯಾಗಿ ಓಡಿ ಬಂದ. "ಬ್ಯಾಡ್ರಿ ಅಜ್ಜಾರ, ಅದರ ಮ್ಯಾಲ ನೀರು ಹಾಕಬ್ಯಾಡ್ರಿ! ಮುಚ್ಚಳ ಹಸಿ ಆದ್ರ ಮತ್ತ ಏಳೂದಿಲ್ಲ ಇದು."

"ಅವರಿಗಿ ಗೊತ್ತದಪಾ," ಎಂದು ನಾನು ಒಳಗೆ ಬಂದೆ.